ಯಾಳಿಯ ಅಂಗಾಲು

ಬೆಟ್ಟಗಳು ಇನ್ನೂ ಪೂರ್ತಿ ಗಟ್ಟಿಯಾಗಿರದ ಕಾಲದಲ್ಲಿ ಕೆಂಬರೆ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ನೆಲ ಕೆಂಪು, ಹೊಳೆದಂಡೆಯ ಜೇಡಿ ಬಿಳಿ, ಜನರ ಕೈ ಸದಾ ಒದ್ದೆ. ಮಡಕೆ ಮಾಡುವವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಬರೀ ಮಡಕೆ ಮಾಡಿ ಸುಮ್ಮನಿರುವವರು ಮಾತ್ರ ಒಬ್ಬರೂ ಇರಲಿಲ್ಲ. ಒಬ್ಬ ಮೂರು ಕೊರಳಿನ ಹಂಸ ಮಾಡಿದರೆ ಇನ್ನೊಬ್ಬಳು ಬಾಗಿಲೇ ಇಲ್ಲದ ಮನೆ ಮಾಡುತ್ತಿದ್ದಳು. "ಇದು ಯಾವ ಕೆಲಸಕ್ಕೆ ಬರುತ್ತೆ?" ಎಂದು ಕೇಳಿದವನಿಗೆ ಆ ರಾಜ್ಯದಲ್ಲಿ ನೀರೂ ಸಿಗುತ್ತಿರಲಿಲ್ಲ.

ಮಣ್ಣಿನ ಗೊಂಬೆಗೆ ಹಚ್ಚುವ ಗಾಜಿನಂಥ ಲೇಪಕ್ಕೆ ಅವರು ಮೆರುಗು ಎನ್ನುತ್ತಿದ್ದರು. ಬೂದಿ, ಮರಳು, ಕಬ್ಬಿಣದ ತುಕ್ಕು, ತಾಮ್ರದ ಕಿಲುಬು, ಯಾವುದನ್ನು ಎಷ್ಟು ಬೆರೆಸಿದರೆ ಬೆಂಕಿಯೊಳಗೆ ಏನಾಗುತ್ತದೆಂದು ಯಾರಿಗೂ ಮೊದಲೇ ತಿಳಿಯದು. ಕರಿ ಪುಡಿ ಹಚ್ಚಿಟ್ಟರೆ ನೀಲಿಯಾಗಿ ಬರುತ್ತಿತ್ತು. ಹಸಿರಾಗಬೇಕಾದ ತಾಮ್ರ, ಹೊಗೆ ಹೆಚ್ಚಾದರೆ, ರಕ್ತದಂತೆ ಕೆಂಪಗೆ ಬರುತ್ತಿತ್ತು. ಬೆರೆಸುವುದು, ಸುಡುವುದು, ನೋಡುವುದು, ತಲೆ ಚಚ್ಚಿಕೊಳ್ಳುವುದು, ಮತ್ತೆ ಬೆರೆಸುವುದು. ಇಷ್ಟೆಲ್ಲ ಪಾಡು ಯಾಕೆಂದರೆ, ಲೋಕ ಹಿಂದೆಂದೂ ಕಾಣದ ಬಣ್ಣವೊಂದು ಮಣ್ಣು ಸುಡುವ ಆವಿಗೆಯಿಂದ ಹೊರಗೆ ಬಂದರೆ ಆ ಬಣ್ಣ ಹೊತ್ತ ಗೊಂಬೆಗೆ ಜೀವ ಬರುತ್ತಿತ್ತು. ಅದು ಎದ್ದು, ಮೈ ಕೊಡವಿ, ನಡೆದುಬಿಡುತ್ತಿತ್ತು.

ಗೊಂಬೆಯ ಮೈಗೆಲ್ಲ ಮೆರುಗು ಹಚ್ಚಿದರೂ ಅಂಗಾಲಿಗೆ ಹಚ್ಚುತ್ತಿರಲಿಲ್ಲ. ಆವಿಗೆಗೆ ಇಡುವ ಮುಂಚೆ ಅಂಗಾಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಬರಿ ಮಣ್ಣು ಬಿಡುತ್ತಿದ್ದರು. ಯಾಕೆ ಎಂದು ಅಲ್ಲಿಯ ಎಳೆ ಮಕ್ಕಳಿಗೂ ಗೊತ್ತಿತ್ತು. ಆ ಬರಿ ಮಣ್ಣಿನಲ್ಲಿ, ಹಸಿಯಿದ್ದಾಗಲೇ, ಮಾಡಿದವರು ತಮ್ಮ ಹೆಬ್ಬೆಟ್ಟು ಒತ್ತಿರುತ್ತಿದ್ದರು. ಯಾವ ಗೊಂಬೆಯನ್ನಾದರೂ ತಿರುವಿ ನೋಡಿದರೆ ಯಾರದೆಂದು ಗೊತ್ತಾಗುತ್ತಿತ್ತು.

ಹೀಗಿರುವಾಗ ವಜ್ರಲೇಪ ಎಂಬ ಮಾಂತ್ರಿಕ ಬಂದ.

ಅವನು ನೆತ್ತಿಯಿಂದ ಕಾಲಿನವರೆಗೆ ಫಳಫಳ ಹೊಳೆಯುತ್ತಿದ್ದ. ಬಾಯಿಂದ ಉಫ್ ಎಂದು ಊದಿದರೆ ಸಾಕು, ಯಾವ ವಸ್ತುವಿನ ಮೇಲಾದರೂ ಹೊಳಪು ಕೂರುತ್ತಿತ್ತು. ಬೂದಿ ಬೇಡ, ಮರಳು ಬೇಡ, ಬೆಂಕಿಯೂ ಬೇಡ. ಹಿಮ್ಮಡಿಯಿಂದ ನೆಲ ಕುಟ್ಟಿದರೆ ಎದುರಿಗಿದ್ದವರು ಹಸಿಮಣ್ಣಾಗುತ್ತಿದ್ದರು. ರಾಜ ಮಿಹಿರಸೇನನಿಗೆ ಹೊಳೆಯುವುದೆಲ್ಲ ಇಷ್ಟ. ಅವನು ವಜ್ರಲೇಪನನ್ನು ತಲೆಯ ಮೇಲೆ ಕೂರಿಸಿಕೊಂಡ, ಅರಮನೆಯ ಕಲೆಗೆಲ್ಲ ಅವನೇ ಅಧಿಪತಿ ಎಂದ.

ಅಧಿಪತಿ ಏನು ಮಾಡಿದ ಗೊತ್ತೇ? ರಾಜ್ಯದಲ್ಲಿ ಜೀವ ಬಂದ ಗೊಂಬೆಗಳನ್ನೆಲ್ಲ ಅರಮನೆಗೆ ತರಿಸಿದ. ಒಂದೊಂದರ ಅಂಗಾಲಿನ ಮೇಲೂ ಉಫ್ ಎಂದು ಊದಿದ. ಹೆಬ್ಬೆಟ್ಟಿನ ಗುರುತು ಹೊಳಪಿನ ಕೆಳಗೆ ಮುಚ್ಚಿಹೋಯಿತು. ಆಮೇಲೆ ರಾಜನ ಮುಂದೆ ನಿಂತು, "ಇವೆಲ್ಲ ನನ್ನ ಸೃಷ್ಟಿ, ಪ್ರಭು" ಎಂದ. ಜೀವಮಾನದಲ್ಲಿ ಒಂದು ಹಿಡಿ ಮಣ್ಣು ಕಲಸಿದವನಲ್ಲ! ಒಂದು ಬುಟ್ಟಿ ಬೂದಿ ಜರಡಿ ಹಿಡಿದವನಲ್ಲ! ಆಸ್ಥಾನದಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಹೇಳುವಾಗಲೂ ನನಗೆ ಮೈ ಉರಿಯುತ್ತದೆ, ನೋಡಿದವರಿಗೆ ಹೇಗಿರಬೇಡ.

ಎಷ್ಟೋ ವರ್ಷ ಹೀಗೇ ನಡೆಯಿತು. ಕೊನೆಗೊಂದು ಬೇಸಿಗೆಯಲ್ಲಿ ಕೇಳಲು ಹೋದ ಮುದುಕ ಬೋಳಯ್ಯ ಹಸಿಮಣ್ಣಾದ. ಗಿರಿಯವ್ವ ಹಸಿಮಣ್ಣಾದಳು. ಕೇಳಿದವರೆಲ್ಲ ಅರಮನೆಯ ಅಂಗಳದಲ್ಲಿ ಸಾಲಾಗಿ, ನೆಲಕ್ಕೆ ಅಂಟಿಕೊಂಡು, ಬಾಯಿ ಅರ್ಧ ತೆರೆದುಕೊಂಡೇ ನಿಂತರು.

ಹೊಳೆದಂಡೆಯ ಕೇರಿಯಲ್ಲಿ ಚೌಡವ್ವ ಎಂಬವಳಿದ್ದಳು. ಅವಳ ಜೊತೆ ಅವಳ ಅಣ್ಣನ ಮಗಳು ಕೆಂಚಿ ಇದ್ದಳು. ತಾಯಿ ತಂದೆ ಇಲ್ಲದ ಹುಡುಗಿಯನ್ನು ಸಾಕಿ ಕೆಲಸ ಕಲಿಸಿದವಳು ಅತ್ತೆಯೇ. ಕೆಂಚಿ ಮೆರುಗು ಬೆರೆಸುವುದರಲ್ಲಿ ಜಾಣೆ. ಗೊಂಬೆಯನ್ನು ಮಾತ್ರ ಮಾಡುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಚಿಕ್ಕವಳಿದ್ದಾಗ ಅವಳೊಂದು ಯಾಳಿ ಮಾಡಿದ್ದಳು. ಸಿಂಹದ ಮೈ, ಆನೆಯ ಸೊಂಡಿಲು, ಒಂದು ಕಿವಿ ಸೊಟ್ಟ. ಅರಮನೆಯ ದೊಡ್ಡ ಆವಿಗೆಯಲ್ಲಿ ಸುಡಲು ಕಳಿಸಿದರೆ, ವಜ್ರಲೇಪನ ಆಳುಗಳು ಬರಿಗೈಲಿ ಬಂದು, "ನಿನ್ನ ಯಾಳಿ ಸಿಡಿದು ಚೂರಾಯ್ತು. ಮಣ್ಣು ಸರಿಯಾಗಿ ತುಳಿಯೋಕೆ ಬರಲ್ಲ ನಿಂಗೆ" ಎಂದಿದ್ದರು. ಹುಡುಗಿ ನಂಬಿದಳು. ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಅಂದಿನಿಂದ ಮಣ್ಣಿನಲ್ಲಿ ಏನನ್ನೂ ಮಾಡಲಿಲ್ಲ.

ಅದೇ ಬೇಸಿಗೆಯ ಕೊನೆಗೆ ಒಂದು ದಿನ ಚೌಡವ್ವ ಮಾಡಿದ ಮೀನಿಗೆ ಜೀವ ಬಂತು. ಬಾಡಿದ ಬಾಳೆಲೆಯ ಬಣ್ಣದೊಳಗೆ ಬೆಳ್ಳಿಯ ಗೆರೆ ಓಡುವ ಮೆರುಗು ಅದು. ಆಳುಗಳು ಬಂದು ಎತ್ತಿಕೊಂಡು ಹೋದರು. ಚೌಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆಯೇ ಹೊರಟಳು.

"ಅತ್ತೇ, ಬ್ಯಾಡ" ಎಂದಳು ಕೆಂಚಿ. "ಬೋಳಯ್ಯಜ್ಜನ ಗತಿ ನೋಡಿದೀಯಲ್ಲ."

"ನೋಡಿದೀನಿ. ಅದಕ್ಕೇ ಹೋಗ್ತಿರೋದು. ಎಲ್ಲರೂ ನೋಡ್ಕೊಂಡು ಮನೇಲಿ ಕೂತರೆ ಕೇಳೋರು ಯಾರೇ?"

ಚೌಡವ್ವ ತುಂಬಿದ ಆಸ್ಥಾನದಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಮಹಾಸ್ವಾಮಿ, ಅದನ್ನ ಒಂದ್ಸಲ ತಿರುವಿ ನೋಡಿ. ಹೊಳಪು ಕೆರೆದು ನೋಡಿ."

ರಾಜ ವಜ್ರಲೇಪನ ಮುಖ ನೋಡಿದ. ವಜ್ರಲೇಪ ಹಿಮ್ಮಡಿಯಿಂದ ನೆಲ ಕುಟ್ಟಿದ. ಚೌಡವ್ವ ಕೈ ಮುಂದೆ ಚಾಚಿದಂತೆಯೇ ಹಸಿಮಣ್ಣಾಗಿ ನಿಂತಳು. ಆಳುಗಳು ಅವಳನ್ನು ಅಂಗಳದ ಸಾಲಿನಲ್ಲಿ ತಂದಿಟ್ಟರು, ಕಾಲು ನೆಲಕ್ಕೆ ಅಂಟಿಕೊಂಡಿತು. "ಮೊದಲ ಮಳೆ ಬರಲಿ, ಅಂಗಳ ತಾನಾಗಿ ಶುಚಿಯಾಗುತ್ತದೆ" ಎಂದು ಮಾಂತ್ರಿಕ ನಕ್ಕ. ರಾಜನೂ ನಕ್ಕ. ಏನು ನಗುವಿತ್ತೋ ಅದರಲ್ಲಿ.

ಸುದ್ದಿ ಕೇಳಿದ ಕೆಂಚಿ ಆಕಾಶ ನೋಡಿದಳು. ಬಡಗಣ ದಿಕ್ಕಿನಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು. ಹಸಿಮಣ್ಣಿನ ಮೇಲೆ ಮಳೆ ಬಿದ್ದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅತ್ತೆ ಗೊಂಬೆಗಳ ಅಂಗಾಲು ಒರೆಸುತ್ತಿದ್ದ ಬಟ್ಟೆಯನ್ನು ಒದ್ದೆ ಮಾಡಿ ಹೆಗಲಿಗೆ ಹಾಕಿಕೊಂಡಳು, ಬಿದಿರಿನ ಸೀಳನ್ನು ಮುಡಿಗೆ ಸಿಕ್ಕಿಸಿದಳು, ಮೆರುಗಿನ ಸಾಮಾನಿನ ಗಂಟು ಬೆನ್ನಿಗೆ ಕಟ್ಟಿ ಅರಮನೆಯ ದಾರಿ ಹಿಡಿದಳು.

ಅರಮನೆಗೆ ಮೂರು ಬಾಗಿಲು. ಬಾಗಿಲಿಗೊಂದು ಜೀವ ಬಂದ ಮಣ್ಣಿನ ಮೃಗ ಕಾವಲು. ಅಂಗಾಲು ಮುಚ್ಚಿಹೋದ ಮೃಗಗಳಿಗೆ ನೆಲ ತಗುಲುತ್ತಿರಲಿಲ್ಲ. ತಾವು ಯಾರು, ಎಲ್ಲಿಂದ ಬಂದೆವು ಎಂಬುದೇ ಮರೆತು, ಕಂಡವರ ಮೇಲೆ ಹರಿಹಾಯುತ್ತಿದ್ದವು.

ಮೊದಲ ಬಾಗಿಲಲ್ಲಿ ತೆಂಗಿನಮರದಷ್ಟು ಎತ್ತರದ ಕೊಕ್ಕರೆ. ಅದರ ಮೈಗೆ ಮೊಸರಿನ ಕೆನೆಯಂಥ ಬಣ್ಣ. ಕೊಕ್ಕನ್ನು ಈಟಿಯ ಹಾಗೆ ಹಿಡಿದು ಕೆಂಚಿಯ ಕಣ್ಣಿಗೇ ಗುರಿಯಿಟ್ಟಿತು.

"ನಿನ್ನನ್ನ ಮಾಡಿದೋರು ಯಾರು?" ಎಂದು ಕೇಳಿದಳು ಕೆಂಚಿ.

"ವಜ್ರಲೇಪ ಪ್ರಭುಗಳು!"

"ಸುಳ್ಳು" ಎಂದಳು ಕೆಂಚಿ.

ಕೊಕ್ಕರೆ ಕುಕ್ಕಿತು. ಅವಳು ಬಗ್ಗಿ ತಪ್ಪಿಸಿಕೊಂಡಳು. ಮಣ್ಣಿನದಾದರೂ ಕೊಕ್ಕರೆ ಕೊಕ್ಕರೆಯೇ. ನಿಂತರೆ ಒಂದು ಕಾಲು ಎತ್ತಿಯೇ ಇರುತ್ತಿತ್ತು. ಕೆಂಚಿ ಆ ಎತ್ತಿದ ಕಾಲಿಗೆ ಜೋತುಬಿದ್ದು, ಒದ್ದೆ ಬಟ್ಟೆಯಿಂದ ಅಂಗಾಲು ತಿಕ್ಕಿದಳು. ಬೆಂಕಿ ಕಾಣದ ಹೊಳಪು, ತಿಕ್ಕಿದೊಡನೆ ಹಾಲಿನ ಕೆನೆಯಂತೆ ಸುಲಿದು ಬಂತು. ಕೆಳಗೆ ನಡುವೆ ಸೀಳಿದ ಹೆಬ್ಬೆಟ್ಟಿನ ಗುರುತು. ಸೌದೆ ಒಡೆಯುವಾಗ ಹೆಬ್ಬೆಟ್ಟು ಸೀಳಿಕೊಂಡವನು ಕೇರಿಯಲ್ಲಿ ಒಬ್ಬನೇ.

"ನಿನ್ನನ್ನ ಮಾಡಿದ್ದು ಬೋಳಯ್ಯ" ಎಂದಳು.

ಕೊಕ್ಕರೆ ಕಾಲು ಕೆಳಗಿಟ್ಟಿತು. ಮಣ್ಣಿಗೆ ಮಣ್ಣು ತಾಗಿತು. "ಬೋಳಯ್ಯ" ಎಂದು ತಾನೇ ಒಂದು ಸಲ ಹೇಳಿಕೊಂಡು, ಬಾಗಿಲು ತೆರೆದು, ಅವಳ ಹಿಂದೆ ನಡೆಯಿತು.

ಎರಡನೆಯ ಬಾಗಿಲಲ್ಲಿ ಒಂದು ಕೋಣ. ಹೊಗೆಯಲ್ಲಿ ಬೆಂದ ತಾಮ್ರದ ಕಡುಕೆಂಪು ಮೈ.

"ನಿನ್ನನ್ನ ಮಾಡಿದೋರು ಯಾರು?"

"ವಜ್ರಲೇಪ ಪ್ರಭುಗಳು!"

"ಸುಳ್ಳು!" ಈ ಸಲ ಕೆಂಚಿಯ ದನಿ ಏರಿತ್ತು.

ಕೋಣ ಕೊಂಬು ತಗ್ಗಿಸಿ ನುಗ್ಗಿತು. ಕೊಕ್ಕರೆ ಅವಳನ್ನು ಕೊಕ್ಕಿನಲ್ಲಿ ಎತ್ತಿ ಗೋಡೆಯ ಮೇಲಿಟ್ಟಿತು. ಕೋಣ ನಾಲ್ಕು ಗೊರಸನ್ನೂ ನೆಲಕ್ಕೆ ಊರಿ ನಿಂತುಬಿಟ್ಟಿತು. ಕಾಲೆತ್ತು ಎಂದರೆ ಎತ್ತುವ ಜಾತಿಯೇ ಅದು? ಕೆಂಚಿ ಯೋಚಿಸಿದಳು. ಬಾಗಿಲ ಪಕ್ಕದ ನೀರಿನ ಬಾನಿಯನ್ನು ಗೋಡೆಯ ಮೇಲಿಂದಲೇ ಒದ್ದು ಉರುಳಿಸಿದಳು. ಕೆಮ್ಮಣ್ಣು ಕೆಸರಾಯಿತು. ಕೆಸರು ಕಂಡ ಕೋಣ ಸಿಟ್ಟನ್ನೆಲ್ಲ ಮರೆತು, ಉಸ್ಸೆಂದು ಅದರಲ್ಲಿ ಒರಗಿ, ನಾಲ್ಕು ಕಾಲನ್ನೂ ಆಕಾಶಕ್ಕೆ ಎತ್ತಿ ಹೊರಳಿತು. ಕೆಂಚಿ ಧುಮುಕಿ ಗೊರಸು ಒರೆಸಿದಳು. ತೊಗರಿಬೇಳೆಯಷ್ಟು ಪುಟ್ಟ ಹೆಬ್ಬೆಟ್ಟು, ಕೇರಿಯಲ್ಲಿ ಅಂಥದ್ದು ಒಬ್ಬಳಿಗೇ.

"ನಿನ್ನನ್ನ ಮಾಡಿದ್ದು ಗಿರಿಯವ್ವ."

ಕೋಣ ಎದ್ದು ನೆಲವನ್ನು ಮೆಲ್ಲಗೆ ತುಳಿದು ನೋಡಿತು. ಅದರ ಕಣ್ಣಲ್ಲಿ ನೀರು ಬಂತು. ಅದೂ ಹಿಂದೆ ನಡೆಯಿತು.

ಮೂರನೆಯ ಬಾಗಿಲಲ್ಲಿದ್ದ ಮೃಗಕ್ಕೆ ಮುಖದ ಮೇಲೆ ಚಿನ್ನದ ತಗಡಿನ ಮುಖವಾಡ, ಬೆನ್ನ ಮೇಲೆ ಜರಿಯ ಜೂಲು. ಅರಮನೆಗೆ ಬಂದ ಪರದೇಶದ ರಾಜರಿಗೆಲ್ಲ ವಜ್ರಲೇಪ ಮೊದಲು ತೋರಿಸುತ್ತಿದ್ದುದು ಇದನ್ನೇ. "ನನ್ನ ಅತ್ಯುತ್ತಮ ಕೃತಿ" ಎಂದು ಹೇಳುತ್ತಿದ್ದ.

"ನಿನ್ನನ್ನ ಮಾಡಿದೋರು ಯಾರು?"

"ವಜ್ರಲೇಪ ಪ್ರಭುಗಳು!"

"ಸುಳ್ಳು, ಸುಳ್ಳು!"

ಮೃಗ ಒಂದೇ ನೆಗೆತಕ್ಕೆ ಕೊಕ್ಕರೆಯನ್ನು ಬೀಳಿಸಿತು, ಕೋಣವನ್ನು ಗೋಡೆಗೆ ಒತ್ತಿತು, ಕೆಂಚಿಯನ್ನು ಕೆಡವಿ ಎದೆಯ ಮೇಲೆ ಬಲಗಾಲು ಇಟ್ಟಿತು. ಅವಳಿಗೆ ಉಸಿರು ಕಟ್ಟಿತು. ಆದರೆ ಅಂಗಾಲು ಕೈಗೆ ಸಿಕ್ಕಿತ್ತಲ್ಲ! ಮುಡಿಯಿಂದ ಬಿದಿರಿನ ಸೀಳು ಕಿತ್ತು, ಎದೆಯ ಮೇಲಿನ ಪಾದದ ಅಂಚಿನಿಂದ ಕೆರೆಯತೊಡಗಿದಳು. ಹೊಳಪು ಚಕ್ಕೆಚಕ್ಕೆಯಾಗಿ ಅವಳ ಮುಖದ ಮೇಲೆ ಉದುರಿತು. ಮೃಗ ಬೆಚ್ಚಿ ಕಾಲನ್ನು ತುಸು ಎತ್ತಿತು. ಕೆಳಗಿದ್ದ ಗುರುತು ಕೆಂಚಿಗೆ ಕಂಡಿತು. ಚಿಕ್ಕ ಹುಡುಗಿಯ ಹೆಬ್ಬೆಟ್ಟು. ಅದರ ಮೇಲೆ ಕುಡುಗೋಲು ತಾಗಿದ ಗಾಯದ ಓರೆಗೆರೆ.

ಕೆಂಚಿ ತನ್ನ ಹೆಬ್ಬೆಟ್ಟು ನೋಡಿಕೊಂಡಳು. ಗಾಯದ ಗೆರೆ ಅಲ್ಲೇ ಇತ್ತು, ಬೆರಳಿನ ಜೊತೆ ತಾನೂ ಬೆಳೆದಿತ್ತು. ಕೈ ಚಾಚಿ ಮುಖವಾಡ ಕಿತ್ತೆಸೆದಳು. ಸೊಂಡಿಲು. ಸೊಟ್ಟ ಕಿವಿ.

ಅವಳಿಗೆ ಮೊದಲು ಅಳು ಬರಲಿಲ್ಲ. ಸಿಟ್ಟು ಬಂತು. ಅಂಗಾಲಿನಿಂದ ಹೊರಟು ನೆತ್ತಿಗೇರುವ ಸಿಟ್ಟು. ಸಿಡಿದು ಚೂರಾಯ್ತು ಎಂದಿದ್ದರು! ಮಣ್ಣು ತುಳಿಯೋಕೆ ಬರಲ್ಲ ಎಂದಿದ್ದರು! ಎಷ್ಟು ವರ್ಷ ಅವಳು ತನ್ನ ಕೈಗಳನ್ನೇ ಬೈದುಕೊಂಡಿದ್ದಳು, ಹಸಿಮಣ್ಣು ಕಂಡರೆ ಮುಖ ತಿರುಗಿಸಿದ್ದಳು. ಇಷ್ಟೂ ದಿನ ಇವಳ ಯಾಳಿ ಇಲ್ಲಿ ಇನ್ನೊಬ್ಬನ ಹೆಸರಿನಲ್ಲಿ ಜರಿ ಹೊದ್ದು ನಿಂತಿತ್ತು.

"ನಿನ್ನನ್ನ ಮಾಡಿದ್ದು ನಾನು ಕಣೋ" ಎಂದಳು. "ನಾನು, ಕೆಂಚಿ!"

ಯಾಳಿ ಅವಳ ಕೆನ್ನೆಯನ್ನು ಸೊಂಡಿಲಿನಿಂದ ಮುಟ್ಟಿ ನೋಡಿತು. "ನೀನು ಬರೋದು ತಡವಾಯ್ತು" ಎಂದಿತು. ಆಗ ಅವಳು ಅತ್ತಳು.

ಒಳಗಿನ ಅಂಗಳದಲ್ಲಿ ಹಸಿಮಣ್ಣಿನ ಜನ ಸಾಲಾಗಿ ನಿಂತಿದ್ದರು. ಕೆಂಚಿ ಅತ್ತೆಯ ಬಳಿ ಓಡಿ "ಚೌಡತ್ತೇ" ಎಂದು ಕೂಗಿದಳು. ಹೆಸರು ಹಿಡಿದರೆ ಮೃಗಗಳಿಗೆ ಅರಿವು ಬಂದಿತ್ತಲ್ಲ, ಅತ್ತೆಗೂ ಬರಬಹುದೆಂದುಕೊಂಡಳು. ಅತ್ತೆ ಅಲುಗಲಿಲ್ಲ.

"ನಿನ್ನ ಬಾಯಿಂದ ಸಾಲದು, ಹುಡುಗಿ" ಎಂಬ ದನಿ ಕೇಳಿತು. ವಜ್ರಲೇಪ ಮೆಟ್ಟಿಲ ಮೇಲೆ ನಿಂತಿದ್ದ, ಪಕ್ಕದಲ್ಲಿ ರಾಜ. "ಮಾಟ ಹಾಕಿದವನು ನಾನು. ಇವರ ಹೆಸರು ನನ್ನ ಬಾಯಿಂದಲೇ ಬರಬೇಕು. ಅದು ಬರುವುದಿಲ್ಲ."

ಯಾಳಿ ಗುರುಗುಟ್ಟಿತು. ಅವನು ಹಿಮ್ಮಡಿ ಎತ್ತಿದ. ಕೆಂಚಿ ಮೃಗಗಳನ್ನು ಹಿಂದಕ್ಕೆ ತಡೆದಳು. ಅವನ ಕತ್ತಿನ ಪಕ್ಕ, ಕಿವಿಯ ಕೆಳಗೆ, ಹೊಳಪು ಸಿಪ್ಪೆ ಏಳುತ್ತಿದ್ದುದನ್ನು ಅವಳು ನೋಡಿಬಿಟ್ಟಳು. ಊದಿದ ಹೊಳಪಲ್ಲವೇ, ಎಷ್ಟು ದಿನ ನಿಂತೀತು?

ಅವನೂ ಅವಳ ಬೆನ್ನಿನ ಗಂಟು ನೋಡಿದ. "ನೀನು ಮೆರುಗು ಬೆರೆಸುವವಳಲ್ಲವೇ? ಹಾಗಾದರೆ ಕೇಳು. ಎಂದೂ ಸುಲಿಯದ ಬೆಂಕಿಯ ಮೆರುಗು ನನ್ನ ಮೈಗೆ ಬೇಕು. ಲೋಕ ಕಾಣದ ಬಣ್ಣವಾಗಬೇಕು. ಮಾಡಿಕೊಟ್ಟರೆ ನಿನ್ನ ಅತ್ತೆಯನ್ನು ಬಿಡುತ್ತೇನೆ. ಬೆಂಕಿ ನನ್ನನ್ನು ಸುಡದು, ಅದರ ಚಿಂತೆ ನಿನಗೆ ಬೇಡ."

"ರಾಜರು ಮಾತು ಕೊಡಲಿ" ಎಂದಳು ಕೆಂಚಿ.

"ಕೊಟ್ಟೆ, ಕೊಟ್ಟೆ" ಎಂದ ರಾಜ. ಅವನಿಗೆ ಹೊಸ ಬಣ್ಣ ನೋಡುವ ಆಸೆ. ವಜ್ರಲೇಪನಿಗೆ ಮಾತು ಉಳಿಸಿಕೊಳ್ಳುವ ಇಚ್ಛೆ ಎಳ್ಳಷ್ಟೂ ಇರಲಿಲ್ಲ. ಮೋಡ ಅರಮನೆಯ ಕಳಸದವರೆಗೆ ಬಂದಿತ್ತು, ಅದನ್ನು ಅವನೂ ನೋಡಿದ್ದ.

ಕೆಂಚಿ ಕೆಲಸಕ್ಕೆ ಕೂತಳು. ಅತ್ತೆಯ ಒಲೆಯ ಬೂದಿ, ಹೊಳೆಯ ಬಿಳಿಮರಳು, ಅರಮನೆಯ ಬಾಗಿಲ ಕೀಲಿನ ತುಕ್ಕು, ರಾಜನ ಸ್ನಾನದ ಹಂಡೆಯ ಕಿಲುಬು. ಮೊದಲು ಪುಟ್ಟ ಬಿಲ್ಲೆಗಳಿಗೆ ಹಚ್ಚಿ ಸುಟ್ಟು ನೋಡಿದಳು. ಒಂದು ಬಿಲ್ಲೆಯಲ್ಲಿ ಮೆರುಗು ಗುಳ್ಳೆ ಎದ್ದಿತು. ಇನ್ನೊಂದರಲ್ಲಿ ಮುದುಡಿ ಉಬ್ಬಿ ಕುಳಿತಿತು. ಬೂದಿ ತುಸು ಹೆಚ್ಚು ಮಾಡಿದಳು, ಮರಳು ತುಸು ಕಡಿಮೆ ಮಾಡಿದಳು. ಕೊನೆಗೊಂದು ಬಿಲ್ಲೆ ಒಲೆಯಿಂದ ಹೊರಬಂದದ್ದೇ ಕಪ್ಪೆಯ ಹಾಗೆ ಕುಪ್ಪಳಿಸಿ ಹೋಯಿತು. ಜೀವ ಬಂದಿತ್ತು.

"ಇದೇ" ಎಂದಳು ಕೆಂಚಿ.

ಬಾನಿಯಲ್ಲಿದ್ದ ಲೇಪ ಪಾತ್ರೆ ತೊಳೆದ ನೀರಿನ ಹಾಗೆ ಬೂದುಬೂದಾಗಿತ್ತು. ವಜ್ರಲೇಪ ಮೂಗು ಮುರಿದ. "ಈ ಕೊಳಕನ್ನು ನನಗೆ ಬಳಿಯುತ್ತೀಯಾ?"

"ಬೆಂಕಿ ಕಂಡ ಮೇಲೆ ನೋಡಿ, ಸ್ವಾಮಿ. ಹಸಿ ಮೆರುಗು ನೋಡಿ ಬಣ್ಣ ಹೇಳೋಕಾಗಲ್ಲ."

ಇದೂ ಗೊತ್ತಿಲ್ಲ ಮಹಾಶಯನಿಗೆ! ಅಂಗಳದಲ್ಲಿ ಕೇರಿಯ ಜನ ಸೇರಿದ್ದರು. ಅವರಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೈಗೆಲ್ಲ ಲೇಪ ಹಚ್ಚಿ ಆಯಿತು. ಕೆಂಚಿ ಒದ್ದೆ ಬಟ್ಟೆ ತೆಗೆದು, "ಅಂಗಾಲು ಒರೆಸಬೇಕು, ಕಾಲೆತ್ತಿ" ಎಂದಳು.

"ಯಾಕೆ? ನನ್ನ ಅಂಗಾಲೂ ಹೊಳೆಯಬೇಕು."

"ಮೆರುಗು ಬೆಂಕೀಲಿ ಕರಗಿ ಕೆಳಕ್ಕೆ ಇಳಿಯುತ್ತೆ. ಅಂಗಾಲು ಬರಿದಾಗಿರಬೇಕು, ಸ್ವಾಮಿ."

ಅವನು ಕಣ್ಣು ಕಿರಿದು ಮಾಡಿ ನಕ್ಕ. "ಗೊತ್ತಾಯಿತು. ನಿನ್ನ ಹೆಬ್ಬೆಟ್ಟು ಒತ್ತಲು ಜಾಗ ಹುಡುಕುತ್ತಿದ್ದೀಯಾ. ನಾಳೆ ನನ್ನನ್ನೇ ತಿರುವಿ ತೋರಿಸಿ, ಇವನು ನನ್ನ ಗೊಂಬೆ ಎನ್ನುತ್ತೀಯಾ!" ಜೀವನವಿಡೀ ಕದ್ದವನಿಗೆ ಬೇರೆ ಏನು ಹೊಳೆದೀತು? ತಾನೇ ಬಟ್ಟಲಲ್ಲಿ ಲೇಪ ತುಂಬಿಕೊಂಡು ಎರಡೂ ಅಂಗಾಲಿಗೆ ಗಟ್ಟಿಯಾಗಿ ಬಳಿದುಕೊಂಡ.

ಆವಿಗೆಯ ಹೊಸ್ತಿಲಲ್ಲಿ ಕೆಂಚಿ ಎರಡನೆಯ ಸಲ ಹೇಳಿದಳು: "ಅಂಗಾಲು ಒರೆಸಿಕೊಳ್ಳಿ." ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲಿಗೆ ಇಟ್ಟಿಗೆ ಕಟ್ಟುವಾಗ ರಾಜನಿಗೂ ಕೇಳುವಂತೆ ಮೂರನೆಯ ಸಲ ಹೇಳಿದಳು. ಅವನ ಮೇಲೆ ಕರುಣೆಯಿಂದಲ್ಲ. ಆವಿಗೆಯ ಮುಂದೆ ಸುಳ್ಳು ಹೇಳುವ ಪದ್ಧತಿ ಅವರ ಕೇರಿಯಲ್ಲಿ ಇರಲಿಲ್ಲ.

"ಮುಚ್ಚು ಬಾಯಿ! ಬೆಂಕಿ ಹಾಕು!" ಎಂದು ಒಳಗಿನಿಂದ ದನಿ ಬಂತು.

ಬೆಳಗ್ಗೆ ಹಾಕಿದ ಬೆಂಕಿ ಮಧ್ಯಾಹ್ನದ ಹೊತ್ತಿಗೆ ಬಿಳಿಗೆ ತಿರುಗಿತು. ಮೆರುಗು ಕರಗಿದ್ದನ್ನು ಕಿಂಡಿಯಲ್ಲಿ ನೋಡಿ ಕೆಂಚಿ ಸೌದೆ ನಿಲ್ಲಿಸಿದಳು. "ಇನ್ನು ಆವಿಗೆ ತಾನಾಗಿ ತಣ್ಣಗಾಗಬೇಕು. ನಾಳೆ ತೆಗೆಯೋಣ."

"ನಾಳೆಯೇ? ಈಗಲೇ ತೆಗೆಯಿರಿ! ಗೋಡೆ ಕೆಡವಿ! ಎಲ್ಲರೂ ನನ್ನನ್ನು ನೋಡಲಿ!"

ಆಳುಗಳು ಸನಿಕೆ ಹಿಡಿದು ಗೋಡೆ ಕೆಡವಿದರು. ಬರೀ ನೆಲಗಟ್ಟು ಉಳಿಯಿತು, ಅದರ ಮೇಲೆ ವಜ್ರಲೇಪ ನಿಂತಿದ್ದ. ಜನ ಮುಂದಕ್ಕೆ ನುಗ್ಗಿ ನೋಡಿದರು. ಹಾಗಂತ ಸುಳ್ಳು ಹೇಳಬಾರದು, ಆ ಬಣ್ಣ ಚೆಲುವಾಗಿತ್ತು. ಹುಣಸೆ ಚಿಗುರಿನ ಕೆಂಪು ಎನ್ನುವಷ್ಟರಲ್ಲಿ ಅದು ನೀರಿನ ಆಳದ ಹಸಿರಾಗುತ್ತಿತ್ತು, ಹಸಿರು ಎನ್ನುವಷ್ಟರಲ್ಲಿ ಇನ್ನೇನೋ ಆಗುತ್ತಿತ್ತು. ಅದಕ್ಕೆ ಹೆಸರೇ ಇರಲಿಲ್ಲ.

ವಜ್ರಲೇಪ ತನ್ನ ಕೈ ನೋಡಿಕೊಂಡು ಗಹಗಹಿಸಿ ನಕ್ಕ. "ಈಗ ಈ ಹುಡುಗಿಯ ಸರದಿ" ಎಂದು ಹಿಮ್ಮಡಿ ಎತ್ತಲು ಹೋದ.

ಹಿಮ್ಮಡಿ ಏಳಲಿಲ್ಲ. ಇನ್ನೊಂದನ್ನು ಎತ್ತಿದ. ಅದೂ ಏಳಲಿಲ್ಲ. ಮೈಮೇಲಿನ ಮೆರುಗೆಲ್ಲ ಇಳಿದು, ಅಂಗಾಲಿನ ಮೆರುಗಿನ ಜೊತೆ ಸೇರಿ, ಅವನನ್ನು ಆವಿಗೆಯ ನೆಲಗಟ್ಟಿಗೆ ಬೆಸೆದುಬಿಟ್ಟಿತ್ತು.

ಕೇರಿಯ ಗುಂಪಿನಲ್ಲಿದ್ದ ಒಂದು ಪುಟ್ಟ ಮಗು ತಾಯಿಯನ್ನು ಜೋರಾಗಿ ಕೇಳಿತು: "ಅವ್ವಾ, ಅವನು ಕಾಲು ಒರೆಸಿಲ್ವಾ?"

ರಾಜನಿಗೆ ಆಗ ಬುದ್ಧಿ ಹುಟ್ಟಿತು. ಮಗುವಿಗೂ ಗೊತ್ತಿದ್ದದ್ದು ಗೊತ್ತಿಲ್ಲದವನು ಇಷ್ಟು ಗೊಂಬೆಗಳನ್ನು ಮಾಡಿದ್ದು ಹೇಗೆ? ಇಷ್ಟು ಹೊತ್ತಿಗೆ ಬಂತು ಆ ಪ್ರಶ್ನೆ ಮಹಾರಾಜರಿಗೆ!

"ನಮ್ಮೋರ ಹೆಸರು ಹೇಳು" ಎಂದಳು ಕೆಂಚಿ. 'ಸ್ವಾಮಿ', 'ನೀವು' ಎಂಬ ಮರ್ಯಾದೆಯೆಲ್ಲ ಮುಗಿದಿತ್ತು. "ಹೇಳಿದರೆ ಉಳಿ ತಂದು ನಿನ್ನನ್ನ ಬಿಡಿಸ್ತೀವಿ."

ವಜ್ರಲೇಪ ಮೇಲೆ ನೋಡಿದ. "ಹೇಳುವುದಿಲ್ಲ. ಮಳೆ ಬರುತ್ತಿದೆ. ನಿಮ್ಮವರು ಕರಗಿ ಹೋಗಲಿ. ಆಮೇಲೆ ಯಾರು ಏನನ್ನು ಮಾಡಿದರೆಂದು ಯಾರು ಹೇಳುತ್ತಾರೆ?"

ಹನಿ ಬಿತ್ತು. ಮೊದಲ ಹನಿ ಚೌಡವ್ವನ ಚಾಚಿದ ಕೈಯ ಮೇಲೆ ಬಿದ್ದು, ಉಂಗುರ ಬೆರಳ ತುದಿ ಕೆಸರಾಗಿ ತೊಟ್ಟಿಕ್ಕಿತು. ಕೊಕ್ಕರೆ ರೆಕ್ಕೆ ಅಗಲಿಸಿ ಸಾಲಿನ ಮೇಲೆ ನಿಂತಿತು. ಕೋಣ ಬೋಳಯ್ಯನಿಗೂ ಗಿರಿಯವ್ವನಿಗೂ ಅಡ್ಡ ನಿಂತಿತು. ಯಾಳಿ ಚೌಡವ್ವನನ್ನು ಹೊಟ್ಟೆಯಡಿಗೆ ಸೇರಿಸಿಕೊಂಡಿತು. ಜನ ಕಂಬಳಿ ಬಿಚ್ಚಿ ಹಿಡಿದರು. ಸಾಲದಾಯಿತು, ಗಾಳಿಯ ಜೊತೆ ಇರಿಚಲು ಹೊಡೆಯುತ್ತಿತ್ತು.

ಕೆಂಚಿ ರಾಜನ ಕಡೆ ತಿರುಗಿದಳು. "ನಿಂತು ನೋಡ್ತಿದೀರಲ್ಲ, ಮಹಾಸ್ವಾಮಿ! ತಿರುವಿ ನೋಡಿ ಅಂತ ಬೇಡಿದಾಗ ಅವನ ಮುಖ ನೋಡಿದಿರಿ. ಮಣ್ಣಾದಾಗ ನಕ್ಕಿರಿ. ಆ ಬೆಳ್ಗೊಡೆ ನಿಮ್ಮೊಬ್ಬರ ತಲೆಗೆ ಮಾತ್ರವಾ?"

ರಾಜನ ಮುಖ ಕಪ್ಪಿಟ್ಟಿತು. ಸೇವಕನ ಕೈಯಿಂದ ಬಿಳಿ ಕೊಡೆ ಕಿತ್ತುಕೊಂಡು, ಅಂಗಳಕ್ಕಿಳಿದು, ಸಾಲಿನ ಕೊನೆಯಲ್ಲಿ ನೆನೆಯುತ್ತಿದ್ದವರ ಮೇಲೆ ತಾನೇ ಹಿಡಿದು ನಿಂತ.

ಅಷ್ಟರಲ್ಲಿ "ಟಿಣ್" ಎಂಬ ಸದ್ದು ಕೇಳಿತು.

ತಣಿಯಲು ಬಿಡದ ಮೆರುಗು ಅದು. ಸುಡುಸುಡು ಮೈಮೇಲೆ ತಣ್ಣನೆ ಹನಿ ಬಿದ್ದಲ್ಲೆಲ್ಲ ಕೂದಲೆಳೆಯ ಬಿರುಕು ಓಡುತ್ತಿತ್ತು. ಟಿಣ್. ಟಿಣ್. ಹೆಗಲಲ್ಲೊಂದು, ಎದೆಯಲ್ಲೊಂದು. ವಜ್ರಲೇಪನ ನಗು ಎಲ್ಲಿ ಹೋಯಿತೋ.

"ಕೊಡೆ! ನನಗೆ ಕೊಡೆ ಹಿಡಿಯಿರಿ! ನಾನು ಒಡೆದುಹೋಗುತ್ತೇನೆ!"

"ಹೆಸರು" ಎಂದಳು ಕೆಂಚಿ.

"ಹೇಳುತ್ತೇನೆ! ಹೇಳುತ್ತೇನೆ..." ಎಂದವನು ಬಾಯಿ ತೆರೆದು ಹಾಗೇ ನಿಂತ. ಅವನಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಅಷ್ಟು ಜನರ ಬದುಕನ್ನು ದೋಚಿದ್ದ. ಒಬ್ಬರನ್ನಾದರೂ ನಿನ್ನ ಹೆಸರೇನು ಎಂದು ಕೇಳಿರಲಿಲ್ಲ.

ಗುಂಪಿನಿಂದ ಬೋಳಯ್ಯನ ಮಗಳು ಮುಂದೆ ಬಂದಳು. ಕಣ್ಣೀರೋ ಮಳೆಯೋ ಮುಖವೆಲ್ಲ ಒದ್ದೆ. "ನಮ್ಮಪ್ಪನ ಹೆಸರು ಬೋಳಯ್ಯ. ಹೇಳು."

"ಬೋಳಯ್ಯ" ಎಂದ ಮಾಂತ್ರಿಕ.

ಮುದುಕ ಕೆಮ್ಮಿ, ಕಣ್ಣುಜ್ಜಿಕೊಂಡು, ಸಾಲಿನಿಂದ ಹೊರಗೆ ಬಂದ.

"ನಮ್ಮವ್ವನ ಹೆಸರು ಗಿರಿಯವ್ವ. ಕೂಗಿ ಹೇಳು, ರಾಜರಿಗೂ ಕೇಳಿಸಲಿ" ಎಂದ ಗಿರಿಯವ್ವನ ಮಗ.

"ಗಿರಿಯವ್ವ!"

ಒಬ್ಬೊಬ್ಬರ ಮನೆಯವರೂ ಮುಂದೆ ಬಂದು ಹೆಸರು ಹೇಳಿಕೊಟ್ಟರು. ಮಕ್ಕಳಿಗೆ ಅಕ್ಷರ ಹೇಳಿಕೊಡುವ ಹಾಗೆ. ಅವನು ಪ್ರತಿಯೊಂದನ್ನೂ ಹೇಳಿದ. ಮೆಲ್ಲಗೆ ಹೇಳಿದರೆ ಮತ್ತೆ ಹೇಳಿಸಿದರು. ಕೊನೆಗೆ ಯಾಳಿಯ ಹೊಟ್ಟೆಯಡಿ ಒಬ್ಬಳೇ ಉಳಿದಳು.

"ನಮ್ಮತ್ತೆ ಹೆಸರು ಚೌಡವ್ವ" ಎಂದಳು ಕೆಂಚಿ. "ಆ ಮೀನು ಮಾಡಿದೋಳು. ನನ್ನ ಸಾಕಿದೋಳು. ಹೇಳು."

"ಚೌಡವ್ವ" ಎಂದ ವಜ್ರಲೇಪ.

ಆ ಹೆಸರಿನ ಜೊತೆಗೇ ಅವನ ಮೈಮೇಲಿನ ಮೆರುಗೆಲ್ಲ ಝಣಝಣ ಎಂದು ಉದುರಿತು. ಒಳಗೆ ಒಬ್ಬ ಸೊರಗಿದ, ಬೋಳುತಲೆಯ, ಸಾಧಾರಣ ಮನುಷ್ಯ ನಡುಗುತ್ತ ನಿಂತಿದ್ದ. ಹೊಸ ಬಣ್ಣ ಬಂದರೆ ಗೊಂಬೆಗೆ ಜೀವ ಬರುತ್ತದೆ, ಮೊದಲೇ ಜೀವವಿದ್ದವನಿಗೆ ಏನು ಬಂತು ಎಂದು ಕೆಂಬರೆಯಲ್ಲಿ ಈಗಲೂ ವಾದ ನಡೆಯುತ್ತದೆ. ನಾಚಿಕೆ ಬಂತು ಎನ್ನುವವರಿದ್ದಾರೆ. ನಾನು ನಂಬುವುದಿಲ್ಲ.

ಚೌಡವ್ವ ಯಾಳಿಯ ಕೆಳಗಿನಿಂದ ತೆವಳಿ ಎದ್ದಳು. ನೆಲದ ಮೇಲೆ ಬಿದ್ದಿದ್ದ ಮೆರುಗಿನ ಚೂರೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಬೂದಿ ಒಂದು ಹಿಡಿ ಹೆಚ್ಚಾಯ್ತಲ್ಲೇ, ಕೆಂಚೀ" ಎಂದಳು. ಆಮೇಲೆ ಸೊಟ್ಟ ಕಿವಿಯ ಯಾಳಿಯನ್ನು ನೋಡಿದಳು, ಅದರ ಬಲಗಾಲನ್ನು ನೋಡಿದಳು, ಸೊಸೆಯನ್ನು ಬಾಚಿ ತಬ್ಬಿಕೊಂಡಳು. ಅವಳ ಉಂಗುರ ಬೆರಳ ತುದಿ ಹೋಗಿತ್ತು, ಮತ್ತೆ ಬರಲಿಲ್ಲ. ಹೆಬ್ಬೆಟ್ಟು ಮಾತ್ರ ನೆಟ್ಟಗಿತ್ತು.

ಉಳಿ ಹಿಡಿದು ಮಾಂತ್ರಿಕನನ್ನು ಬಿಡಿಸಿದರು. ಹಿಮ್ಮಡಿಯ ಚರ್ಮ ನೆಲಗಟ್ಟಿನಲ್ಲೇ ಉಳಿಯಿತು, ಅದರ ಜೊತೆ ಮಂತ್ರವೂ. ಅವನಿಗೆ ಕೇರಿಯ ಆವಿಗೆಯಲ್ಲಿ ಒಂದು ಕೆಲಸ ಕೊಟ್ಟರು. ಒದ್ದೆ ಬಟ್ಟೆ ಹಿಡಿದು ಪ್ರತಿ ಗೊಂಬೆಯ ಅಂಗಾಲನ್ನೂ ಒರೆಸುವುದು, ಒರೆಸುವಾಗ ಮಾಡಿದವರ ಹೆಸರನ್ನು ಗಟ್ಟಿಯಾಗಿ ಹೇಳುವುದು. ರಾಜ ಅರಮನೆಯ ಗೊಂಬೆಗಳನ್ನೆಲ್ಲ ಅವರವರ ಮನೆಗೆ ಕಳಿಸಿದ, ಕೊಡೆಯನ್ನು ಅಂಗಳದಲ್ಲೇ ಬಿಟ್ಟ. ಹೊಳೆದಂಡೆಯ ಆವಿಗೆಗಳು ಆರಲಿಲ್ಲ, ಕೇರಿಯ ಕೈಗಳು ಒಣಗಲಿಲ್ಲ, ಎಲ್ಲರೂ ನಗುನಗುತ್ತ ಬದುಕಿದರು.

ಕೆಂಚಿ ಮತ್ತೆ ಮಣ್ಣಿಗೆ ಕೈ ಹಾಕಿದಳು. ಅವಳ ಮನೆಯ ಮುಂದೆ ಯಾಳಿ ಮಲಗಿರುತ್ತದೆ. ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಕೇಳಲಿ ಬಿಡಲಿ, ಅದು ಎದ್ದು ಕೂತು ಬಲಗಾಲು ಎತ್ತಿ ತೋರಿಸುತ್ತದೆ.